ಅಜ್ಜಿಗೊಂದು ಎಲೆ

ಮೂಡುಬಿದಿರೆಯ ಲಾಡ್ಜಿನಲ್ಲಿ ನನ್ನ ಹೆಸರು ಕೇಳುವ ಮೊದಲೇ ಕೌಂಟರಿನವರು, "ಒಬ್ರೇಯಾ?" ಎಂದು ಕೇಳಿದರು. ಹೌದು ಎಂದೆ.

"ಫ್ಯಾಮಿಲಿ ಇಲ್ವಾ ಜೊತೆಗೆ?"

"ಫ್ಯಾಮಿಲಿ ಹುಡುಕಾಕ ಬಂದೇನ್ರಿ," ಎಂದೆ.

ಅವರು ನಗಲಿಲ್ಲ. ನನ್ನ ಆಧಾರ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಅದರಲ್ಲೂ ಫ್ಯಾಮಿಲಿ ಕಾಣಿಸದೆ, ಕೀಲಿ ಕೊಟ್ಟರು.

ನನಗೆ ಐವತ್ತು ದಾಟಿದೆ. ಮದುವೆಯಾಗಿಲ್ಲ, ಆ ಬಗ್ಗೆ ವ್ಯಸನವೂ ಇಲ್ಲ. ಧಾರವಾಡದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ರಜೆ ಸಿಕ್ಕಿದರೆ ಚೀಲ ಹೆಗಲಿಗೇರಿಸಿ ಒಬ್ಬಳೇ ಹೊರಡುತ್ತೇನೆ. ಬಾದಾಮಿ, ಬೀದರ, ಬೇಲೂರು ಎಲ್ಲವನ್ನೂ ಹಾಗೆಯೇ ನೋಡಿದ್ದು. ಜೊತೆಗಿದ್ದವರ ಕಾಲುನೋವು ಕೇಳುತ್ತ ಗುಡಿ ನೋಡುವುದಕ್ಕಿಂತ ಒಬ್ಬಳೇ ನೋಡುವುದು ಸಾವಿರ ಪಾಲು ಮೇಲು. ಆದರೆ ಈ ದೀಪಾವಳಿ ರಜೆಯಲ್ಲಿ ಊರು ನೋಡುವುದರ ಜೊತೆಗೆ ಇನ್ನೊಂದು ಕೆಲಸವಿತ್ತು. ನನ್ನ ತಾಯಿಯ ತಾಯಿಯನ್ನು ಅವಳು ಹುಟ್ಟಿದ ಮನೆಯ ಒಳಗೆ ಕರೆಸಬೇಕಿತ್ತು. ಅವಳು ತೀರಿಹೋಗಿ ಎಷ್ಟೋ ಕಾಲವಾಗಿದೆ.

ತುಳುನಾಡಿನ ಮನೆಗಳಲ್ಲಿ ಯಾರಾದರೂ ಸತ್ತರೆ ಸುಟ್ಟು ಬಂದ ಮಾತ್ರಕ್ಕೆ ಮುಗಿಯುವುದಿಲ್ಲ. ಬೊಜ್ಜ, ಅಂದರೆ ಸಾವಿನ ಕ್ರಿಯೆ, ಆದ ಮೇಲೆ ಮನೆಯವರು ಅಂಗಳದಲ್ಲಿ ನಿಂತು ಸತ್ತವರನ್ನು ಹೆಸರು ಹಿಡಿದು ಒಳಗೆ ಕರೆಯಬೇಕು. ಕರೆದ ಮೇಲೆ ಅವರು ಮನೆಯ ಗುರು ಕಾರ್ಣವರ, ಅಂದರೆ ತೀರಿಹೋದ ಹಿರಿಯರ, ಸಾಲಿಗೆ ಸೇರುತ್ತಾರೆ. ಹಬ್ಬ ಬಂದಾಗ ಅವರಿಗೂ ಒಂದು ಎಲೆ. ಕರೆಯದಿದ್ದರೆ ಹೊರಗೇ. ಇದನ್ನೆಲ್ಲ ನನಗೆ ಹೇಳಿದವಳು ಅಜ್ಜಿಯೇ, ಹುಬ್ಬಳ್ಳಿಯ ನಮ್ಮ ಚಾಳಿನ ಮನೆಯಲ್ಲಿ. ಪ್ರತಿ ದೀಪಾವಳಿಗೆ ಅವಳು ತನ್ನ ಹಿರಿಯರಿಗೆಲ್ಲ ಎಲೆ ಹಾಕಿ, ಬಡಿಸಿ, ಬಾಗಿಲು ಮುಚ್ಚಿ ನಮ್ಮನ್ನೆಲ್ಲ ಓಣಿಯಲ್ಲಿ ನಿಲ್ಲಿಸುತ್ತಿದ್ದಳು. ಹಿರಿಯರು ಉಣ್ಣುವಾಗ ನಾವು ನೋಡಬಾರದು. ಓಣಿಯವರು ನಗುತ್ತಿದ್ದರು. "ತುಂಬಿದ ಎಲಿ ಒಳಗ ಇಟ್ಟು, ಇವರು ಹೊರಗ ಹಸಗೊಂಡು ನಿಂತಾರ ನೋಡ್ರಿ" ಎನ್ನುತ್ತಿದ್ದರು. ಅಜ್ಜಿ ಅವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಅವಳ ತಪ್ಪು ಇಷ್ಟೇ. ಬಂಟ್ವಾಳದ ಪಕ್ಕ ನರಿಕೊಂಬಿನಲ್ಲಿ ಹೊಳೆ ಬದಿಯ ದೊಡ್ಡ ಮನೆಯ ಹಿರಿಮಗಳು, ಹೆಂಚಿನ ಕಾರ್ಖಾನೆಗೆ ಯಂತ್ರ ಕೂಡಿಸಲು ಬಂದ ಬಯಲುಸೀಮೆಯ ಫಿಟ್ಟರನನ್ನು ಮೆಚ್ಚಿದಳು. ಬೇರೆ ಜಾತಿ, ಬೇರೆ ಮಾತು. ಮನೆಯವರು ಒಪ್ಪಲಿಲ್ಲ, ಅವಳು ಅವರ ಒಪ್ಪಿಗೆಗೆ ಕಾಯಲಿಲ್ಲ. ಅವಳ ಎದುರು ಯಾರಾದರೂ 'ಓಡಿ ಹೋದವಳು' ಎಂದರೆ ಸಿಟ್ಟು ನೆತ್ತಿಗೇರುತ್ತಿತ್ತು. "ನಾನು ಓಡಿ ಹೋದದ್ದಲ್ಲ. ಬಸ್ಸು ಹತ್ತಿ ಹೋದದ್ದು. ಹಗಲಿಗೆ. ಟಿಕೆಟ್ ತೆಗೆದು" ಎನ್ನುತ್ತಿದ್ದಳು. ಕೊನೆಯ ವರ್ಷಗಳಲ್ಲಿ ಮಾತ್ರ, ಹಬ್ಬದ ಎಲೆಗಳನ್ನು ಒರೆಸುತ್ತ, "ಇವರನ್ನೆಲ್ಲ ನಾನು ಕರೆದೆ. ನನ್ನನ್ನು ಯಾರು ಕರೀತಾರೆ?" ಎಂದು ಕೇಳುತ್ತಿದ್ದಳು. ನಾನು ಕರೆಯುತ್ತೇನೆ ಎಂದು ಅಮ್ಮ ಹೇಳಿದ್ದಳು. ಹೋಗೋಣ, ಮುಂದಿನ ವರ್ಷ ಹೋಗೋಣ ಎನ್ನುತ್ತ ಅಮ್ಮನೂ ಕಳೆದ ವರ್ಷ ಹೋಗಿಬಿಟ್ಟಳು. ಉಳಿದವಳು ನಾನೊಬ್ಬಳೇ.

ಮೊದಲ ದಿನ ಮಾತ್ರ ನಾನು ಪ್ರವಾಸಿಯಾಗಿಯೇ ಇದ್ದೆ. ಬೆಳಿಗ್ಗೆ ಸಾವಿರ ಕಂಬದ ಬಸದಿಗೆ ಹೋದೆ. ಒಂದು ಕಂಬದ ಹಾಗೆ ಇನ್ನೊಂದಿಲ್ಲ ಎಂದು ಅಲ್ಲಿದ್ದವರೊಬ್ಬರು ಹೇಳಿದರು. ನನಗೆ ಯಾರು ಏನು ಹೇಳಿದರೂ ಪರೀಕ್ಷಿಸಿ ನೋಡುವ ಚಟ. ಸುತ್ತು ಹಾಕಿ ಒಂದೊಂದನ್ನೇ ನೋಡುತ್ತ ಹೋದೆ. ಒಂದರಲ್ಲಿ ಬಳ್ಳಿ, ಒಂದರಲ್ಲಿ ಗಂಟು, ಒಂದರಲ್ಲಿ ಆನೆ. ವರ್ಷಗಟ್ಟಲೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ "ಎಲ್ಲರೂ ಒಂದೇ ಥರ ನಿಲ್ರಿ" ಎಂದು ಸೀಟಿ ಊದಿದವಳಿಗೆ ಅಲ್ಲಿ ಸ್ವಲ್ಪ ನಾಚಿಕೆಯಾಯಿತು. ಒಂದರ ಹಾಗೆ ಒಂದು ಇಲ್ಲದೆಯೂ ಛಾವಣಿ ಗಟ್ಟಿಯಾಗಿ ನಿಂತಿತ್ತು.

ಮರುದಿನ ಸಿದ್ಧಕಟ್ಟೆ ಮೇಲಾಗಿ ಹೋಗುವ ಬಸ್ಸು ಹಿಡಿದು ಬಿ.ಸಿ. ರೋಡಿಗೆ ಬಂದೆ. ರಿಕ್ಷಾ ಸ್ಟ್ಯಾಂಡಿನಲ್ಲಿ ಬಿಳಿ ಗಡ್ಡದ ಬ್ಯಾರಿ ಚಾಲಕರೊಬ್ಬರಿಗೆ ಅಜ್ಜಿ ಹೇಳುತ್ತಿದ್ದ ಗುರುತುಗಳನ್ನೆಲ್ಲ ಒಪ್ಪಿಸಿದೆ. ಹೊಳೆ ಬದಿ, ದೊಡ್ಡ ಮನೆ, ಅಂಗಳದಿಂದ ನೋಡಿದರೆ ಆಚೆ ದಡದಲ್ಲಿ ಹೆಂಚಿನ ಕಾರ್ಖಾನೆಯ ಚಿಮಣಿ.

"ಚಿಮಣಿ ಬಿದ್ದು ಎಷ್ಟು ಕಾಲ ಆಯ್ತು ಅಕ್ಕ," ಎಂದರು ಅವರು. "ಅದಿರ್ಲಿ, ಮನೆ ನನಗೆ ಗೊತ್ತುಂಟು. ಯಜಮಾನರು ಮಸ್ಕತ್ತಿನಲ್ಲಿ ಹೋಟೆಲ್ ಮಾಡಿ ಬಂದವರು. ಹೋಗುವ, ಕೂತ್ಕೊಳ್ಳಿ."

ನಾನು ಊಹಿಸಿಕೊಂಡಿದ್ದ ಮನೆ ಅದಾಗಿರಲಿಲ್ಲ. ಹಳೆಯದನ್ನು ಕೆಡವಿ ಕಾಂಕ್ರೀಟಿನಲ್ಲಿ ಕಟ್ಟಿ, ಎದುರಿನ ಚಾವಡಿಯಲ್ಲಿ ಮಾತ್ರ ಹಳೆಯ ಹಲಸಿನ ಕಂಬಗಳನ್ನು ತಂದು ನಿಲ್ಲಿಸಿದ್ದರು. ಯಜಮಾನರು ಹೊರಗೆ ಬಂದರು. ಅಜ್ಜಿಯ ತಂಗಿಯ ಮಗ. ಲೆಕ್ಕದಲ್ಲಿ ನನಗೆ ಸೋದರಮಾವ. ಎತ್ತರದ ಆಳು, ಅಜ್ಜಿಯದೇ ಮೂಗು. ಆ ಮೂಗನ್ನು ನೋಡಿಯೇ ನನಗೆ ಅರ್ಧ ಗೆದ್ದ ಹಾಗೆ ಅನ್ನಿಸಿತು. ನಾನು ಯಾರೆಂದು ಹೇಳಿದೆ. "ಕೂತುಕೊಳ್ಳಿ. ಬಾಯಾರಿಕೆಗೆ ಎಂತ ಕೊಡುದು?" ಎಂದರು. ಒಂದು ತಟ್ಟೆಯಲ್ಲಿ ಬೆಲ್ಲ, ಒಂದು ಚೊಂಬು ನೀರು ಬಂತು. ಚಾವಡಿಯ ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬ ಮುದುಕಿ ಕೂತಿದ್ದಳು. ಅವಳೇ ಅಜ್ಜಿಯ ತಂಗಿ, ನನ್ನ ಚಿಕ್ಕಜ್ಜಿ. ಅವಳು ನನ್ನನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಅಜ್ಜಿ ಅಡುಗೆಮನೆಯ ಬಗ್ಗೆ ಬಹಳ ಹೇಳುತ್ತಿದ್ದಳು. ಒಲೆಯ ಎಡಕ್ಕೆ ಮರದ ಹಲಗೆ, ಅದರ ಮೇಲೆ ಉಪ್ಪಿನ ಮರಿಗೆ. ಆ ಜಾಗವನ್ನಾದರೂ ಒಮ್ಮೆ ನೋಡಬಹುದೇ ಎಂದು ಕೇಳಿದೆ.

"ಒಳಗೆ ಹಬ್ಬದ ಕೆಲಸ ಆಗ್ತಾ ಉಂಟು," ಎಂದರು ಮಾವ. ಬೇಡ ಎಂದು ಹೇಳಲು ಅದೊಂದು ಮರ್ಯಾದೆಯ ದಾರಿ. ನನಗೆ ಅರ್ಥವಾಯಿತು.

ಬಂದ ಕೆಲಸ ಹೇಳಿದೆ. ಈ ಪರ್ಬಕ್ಕೆ, ಅಂದರೆ ದೀಪಾವಳಿಗೆ, ಅಜ್ಜಿಯನ್ನು ಒಳಗೆ ಕರೆದು ಒಂದು ಎಲೆ ಹಾಕಬೇಕು, ಅಷ್ಟೇ. ಅವರ ಮುಖ ಬಿಗಿಯಿತು. ಆಸ್ತಿಯ ಭಯ ಇರಬೇಕು ಎಂದುಕೊಂಡು, ಸಮಾಧಾನ ಮಾಡಲು ಹೇಳಿದೆ:

"ಆಸ್ತಿ ಕೇಳಾಕ ಬಂದಿಲ್ರಿ ನಾ. ನಾ ಬರೇ ಹೆಣ್ಣಿನ ಕಡೆಯಾಕಿ, ಮಗಳ ಮಗಳು. ನಂದೇನ್ ಹಕ್ಕು ಐತ್ರಿ ಇಲ್ಲಿ?"

ನಮ್ಮ ಧಾರವಾಡದ ಕಡೆ ಇದಕ್ಕಿಂತ ವಿನಯದ ಮಾತಿಲ್ಲ. ಹೆಣ್ಣಿನ ಕಡೆಯವಳು ಎಂದರೆ ಹೊರಗಿನವಳು, ಅರಿಷಿಣ ಕುಂಕುಮ ಕೊಟ್ಟು ಕಳಿಸಿದರೆ ಸಾಕು ಎಂದರ್ಥ. ಆದರೆ ಮೊಬೈಲು ಒತ್ತುತ್ತಿದ್ದ ಮಾವ ತಟ್ಟನೆ ತಲೆಯೆತ್ತಿದರು. ಮೂಲೆಯಲ್ಲಿ ಚಿಕ್ಕಜ್ಜಿ ಗೊಳ್ಳೆಂದು ನಕ್ಕಳು.

"ಅದು ಆಗುವುದಿಲ್ಲ," ಎಂದರು ಮಾವ, ಈಗ ಸ್ವಲ್ಪ ಗಡುಸಾಗಿ. "ಅವರಿಗೆ ಇಲ್ಲಿ ಬೊಜ್ಜ ಆಗಿದೆ. ಆಗ ಒಳಗೆ ಕರೆಯಲಿಲ್ಲ. ಬೊಜ್ಜದಲ್ಲಿ ಕರೆಯದವರನ್ನು ಪರ್ಬದ ದಿನ ಕರೆಯುವ ಕ್ರಮ ಇಲ್ಲ."

"ಬೊಜ್ಜ ಯಾವಾಗ ಆತ್ರಿ? ಆಕಿ ಸತ್ತಿದ್ದು ನಿಮಗ ತಿಳಿಸಿಯೇ ಇಲ್ಲಲ್ಲ."

ಅವರು ಹೊಳೆಯ ಕಡೆ ನೋಡಿದರು. "ಅವರು ಮನೆ ಬಿಟ್ಟು ಹೋದ ತಿಂಗಳಲ್ಲೇ ಮಾಡಿದ್ದಂತೆ. ನಾನು ಆಗ ಹುಟ್ಟಿರಲಿಲ್ಲ. ಹಿರಿಯರು ಮಾಡಿದ್ದು, ನಾನು ಎಂತ ಮಾಡ್ಲಿಕ್ಕೆ ಆಗ್ತದೆ?"

ನನಗೆ ಮೈಯೆಲ್ಲ ಉರಿದುಹೋಯಿತು. ಅಜ್ಜಿ ಹುಬ್ಬಳ್ಳಿಯಲ್ಲಿ ಹೊಸ ಒಲೆ ಹೂಡುತ್ತಿದ್ದ ತಿಂಗಳಲ್ಲಿ ಇಲ್ಲಿ ಇವರು ಅವಳ ಬೊಜ್ಜದ ಊಟ ಉಂಡಿದ್ದಾರೆ. ಸಾಯಿಸಿದ್ದಾರೆ, ಮೇಲೆ ಸತ್ತವರ ಸಾಲಿಗೂ ಸೇರಿಸಿಲ್ಲ. ಅತ್ತ ಅವಳು ಪ್ರತಿ ಹಬ್ಬಕ್ಕೆ ಇವರಿಗೇ ಎಲೆ ಹಾಕುತ್ತ ಕೂತಳು. ಬೆಲ್ಲವನ್ನು ಮುಟ್ಟದೆ ಎದ್ದೆ.

ಮಾವ ಫೋನು ಕಿವಿಗಿಟ್ಟು ಒಳಗೆ ಹೋದರು. ನಾನು ಮೆಟ್ಟಿಲಲ್ಲಿ ಚಪ್ಪಲಿ ಹಾಕುತ್ತಿದ್ದಾಗ ಚಿಕ್ಕಜ್ಜಿ ಕೈಸನ್ನೆ ಮಾಡಿ ಕರೆದಳು. ಅವಳು ಆಡಿದ್ದು ತುಳು. ಅಜ್ಜಿಯಿಂದಾಗಿ ನನಗೆ ಅದು ತಿಳಿಯುತ್ತದೆ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ನೀನು ಎಂತ ಹೇಳಿದ್ದು ಅಂತ ನಿನಗೆ ಗೊತ್ತುಂಟಾ ಮಗಾ?"

"ಎಂತದು?"

"ಇದು ಅಳಿಯಕಟ್ಟಿನ ಮನೆ. ಇಲ್ಲಿ ಮಗಳು, ಮಗಳ ಮಗಳು, ಅವರೇ ಮನೆಯವರು. ನನ್ನ ಮಗನ ಮಕ್ಕಳು ಈ ಮನೆಯವರಲ್ಲ, ಅವರು ಅವರ ಅಮ್ಮನ ಮನೆಯವರು. ನಾನು ಹೆತ್ತದ್ದು ಎಲ್ಲ ಗಂಡು. ಹೆಣ್ಣು ಹುಟ್ಟಿದ್ದು ಅಕ್ಕನಿಗೆ. ಅಕ್ಕನ ಮಗಳಿಗೆ ಹುಟ್ಟಿದ್ದು ನೀನು." ಅವಳು ಮತ್ತೆ ನಕ್ಕಳು. "ಹಕ್ಕಿಲ್ಲ ಅಂತ ಹೇಳ್ಲಿಕ್ಕೆ ಹೋಗಿ, ಮನೆ ನಂದು ಅಂತ ಅವನ ಮುಖಕ್ಕೆ ಹೇಳಿಬಿಟ್ಟೆ ನೀನು."

ನಾನು ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ನಿಂತುಬಿಟ್ಟೆ. ಪಾಪ, ಮಾವನಿಗೆ ಎಂಥಾ ಆಘಾತವಾಗಿರಬೇಕು. ಬಳಿಕ ನನಗೂ ನಗು ಬಂತು. "ನೀವ್ಯಾಕೆ ಸುಮ್ಮನಿದ್ದಿರಿ ಇಷ್ಟು ವರ್ಷ?" ಎಂದು ಕೇಳಿದೆ. ಕೇಳಿದ್ದು ಒರಟಾಗಿಯೇ. ಅವಳ ನಗು ನಿಂತಿತು.

"ಕೇಳುವವರು ಯಾರೂ ಬರಲಿಲ್ಲ," ಎಂದಳು. ಅದು ಉತ್ತರವಲ್ಲ ಎಂದು ಅವಳಿಗೂ ಗೊತ್ತಿತ್ತು.

ಮರುದಿನ ಲಾಡ್ಜಿನಲ್ಲಿ ಕೂತರೆ ಸಿಟ್ಟಿಗೆ ಹುಚ್ಚು ಹಿಡಿಯುತ್ತದೆ ಎನ್ನಿಸಿ ಗಡಾಯಿಕಲ್ಲಿಗೆ ಹೊರಟೆ. ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ, ಬೆಳ್ತಂಗಡಿ, ಲಾಯಿಲ ದಾಟಿ ಬಂಡೆಯ ಬುಡಕ್ಕೆ ಬಂದಾಗ ಬಿಸಿಲು ಏರಿತ್ತು. ಟಿಕೆಟ್ ಕೊಡುವವರು ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡಿ, "ಒಬ್ರೇ ಹತ್ತುದು ಕಷ್ಟ ಮೇಡಂ. ಅರ್ಧ ಹೋಗಿ ವಾಪಸ್ ಬನ್ನಿ," ಎಂದರು. ಅರ್ಧಕ್ಕೆ ಬರುವ ಅಭ್ಯಾಸ ನನಗಿಲ್ಲ ಎಂದೆ. ಅವರದೇನೂ ತಪ್ಪಿರಲಿಲ್ಲ; ಅವತ್ತು ನನ್ನ ಎದುರು ಯಾರು ಬಂದಿದ್ದರೂ ಅದೇ ಗತಿ.

ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು. ಹತ್ತುತ್ತ ಹತ್ತುತ್ತ ಸಿಟ್ಟು ಬೆವರಾಗಿ ಇಳಿಯಿತು, ಬುದ್ಧಿ ತಿಳಿಯಾಯಿತು. ನಾನು ಏನು ಕೇಳಿದ್ದೆ? ಅನುಮತಿ. ಯಾರ ಹತ್ತಿರ? ಅವರದೇ ಕಟ್ಟಿನ ಪ್ರಕಾರ ನನ್ನ ಅನುಮತಿ ಕೇಳಬೇಕಾದವರ ಹತ್ತಿರ. ಬಸ್ಸು ಹತ್ತುವಾಗ ಅಜ್ಜಿ ಯಾರನ್ನು ಕೇಳಿದ್ದಳು? ಮೇಲೆ ಮುರುಕು ಕೋಟೆ, ಬೀಸುವ ಗಾಳಿ, ಸೆಲ್ಫಿ ತೆಗೆಯುವ ಕಾಲೇಜು ಹುಡುಗಿಯರು. ಒಬ್ಬಳು ನನಗೆ ಕಿತ್ತಳೆಯ ತೊಳೆ ಕೊಟ್ಟು, "ಆಂಟಿ, ನೀವು ಒಬ್ರೇ ಹತ್ತಿದ್ರಾ?" ಎಂದಳು. ಈ ಜಿಲ್ಲೆಯಲ್ಲಿ ಆ ಪ್ರಶ್ನೆ ನನಗೆ ಸಾಕಾಗಿತ್ತು. ಆದರೆ ಅವಳ ದನಿಯಲ್ಲಿ ಅನುಮಾನವಿರಲಿಲ್ಲ, ಮೆಚ್ಚುಗೆಯಿತ್ತು. ಹೌದು ಎಂದು ಎರಡು ತೊಳೆ ತಿಂದೆ. ಇಳಿಯುವ ಹೊತ್ತಿಗೆ ಏನು ಮಾಡಬೇಕೆಂದು ತೀರ್ಮಾನವಾಗಿತ್ತು.

ಹಬ್ಬದ ದಿನ ಬಿ.ಸಿ. ರೋಡಿನಲ್ಲಿ ಇಳಿದು ಒಂದು ಬಾಳೆ ಎಲೆ ಕೊಂಡೆ. ಒಂದೇ. ಅಂಗಡಿಯವನು ಒಂದು ಎಲೆಯಿಂದ ಎಂತ ಹಬ್ಬ ಎಂಬ ಹಾಗೆ ನೋಡಿದ. ತುದಿ ಹರಿಯದ, ಅಗಲವಾದ ಎಲೆಯನ್ನೇ ಆರಿಸಿ ಸುತ್ತಿಸಿಕೊಂಡು ಅದೇ ಬಿಳಿ ಗಡ್ಡದವರ ರಿಕ್ಷಾದಲ್ಲಿ ನರಿಕೊಂಬಿಗೆ ಹೋದೆ.

ಆ ಮನೆಯಲ್ಲಿ ಗುರು ಕಾರ್ಣವರಿಗೆ ಬಡಿಸುವುದು ಮಧ್ಯಾಹ್ನ. ನಾನು ಹೋದಾಗ ಒಳಕೋಣೆಯಲ್ಲಿ ಎಲೆಗಳ ಸಾಲು ಹಾಕಿ ಆಗಿತ್ತು. ಅತ್ತೆ, ಮಾವನ ಹೆಂಡತಿ, ದೋಸೆ, ಕೋಳಿ ಪದಾರ್ಥ, ಕುಚ್ಚಲಕ್ಕಿ ಅನ್ನ ಬಡಿಸುತ್ತಿದ್ದರು. ನಾನು ಕೈಕಾಲು ತೊಳೆದು ನೇರ ಒಳಗೆ ಹೋದೆ. ಸಾಲಿನ ಕೊನೆಯಲ್ಲಿ, ಬಾಗಿಲ ಹತ್ತಿರ, ನನ್ನ ಎಲೆ ಹಾಸಿದೆ.

"ಇದು ಎಂತದು?" ಎಂದರು ಮಾವ.

"ಅಜ್ಜಿಯ ಎಲೆ."

"ಕ್ರಮ ಅಲ್ಲ ಅಂತ ಹೇಳಿದ್ದೇನೆ."

"ಜೀವ ಇದ್ದಾಕಿಗೆ ಬೊಜ್ಜ ಮಾಡೂದು ಕ್ರಮ ಆಗಿತ್ತೇನ್ರಿ? ನೀವು ಯಜಮಾನರು, ಖರೆ. ಆದ್ರ ಈ ಮನಿ ಹೆಣ್ಣಿನ ಮನಿ. ನಾ ಕೇಳಾಕ ಬಂದಿಲ್ಲ ಇವತ್ತು. ಎಲಿ ಹಾಕಾಕ ಬಂದೇನಿ."

ಅತ್ತೆಯ ಕೈಯ ಸೌಟು ಗಾಳಿಯಲ್ಲೇ ನಿಂತಿತು. ಮಾವ ಬಗ್ಗಿ ಎಲೆಯ ಅಂಚು ಹಿಡಿದರು. ತೆಗೆದರೆ ಏನು ಮಾಡಬೇಕೆಂದು ನಾನು ಯೋಚಿಸಿರಲಿಲ್ಲ. ಆಗ ಹಿಂದಿನಿಂದ ಚಿಕ್ಕಜ್ಜಿಯ ದನಿ ಬಂತು. ಗೋಡೆ ಹಿಡಿದುಕೊಂಡು ಒಳಗೆ ಬಂದಿದ್ದಳು.

"ಅಲ್ಲಿ ಬೇಡ ಅದು."

ಇವಳೂ ಮಗನ ಕಡೆಯೇ ಎಂದುಕೊಂಡೆ.

"ಅವಳು ನನಗಿಂತ ದೊಡ್ಡವಳು," ಎಂದಳು ಚಿಕ್ಕಜ್ಜಿ. "ಬಾಗಿಲ ಹತ್ತಿರ ಯಾಕೆ ಕೂತುಕೊಳ್ಳುದು? ನಮ್ಮ ಅಮ್ಮನ ಎಲೆಯ ಪಕ್ಕಕ್ಕೆ ಹಾಕು. ಅಲ್ಲಿ ಜಾಗ ಮಾಡು ಮಗ."

ಕೊನೆಯ ಮಾತು ಮಾವನಿಗೆ ಹೇಳಿದ್ದು. ಅವರು ತಾಯಿಯನ್ನು ನೋಡಿದರು, ನನ್ನನ್ನು ನೋಡಿದರು. ನಂತರ ಉಳಿದ ಎಲೆಗಳನ್ನು ಒಂದೊಂದಾಗಿ, ಬಡಿಸಿದ್ದು ಚೆಲ್ಲದ ಹಾಗೆ, ಆಚೆ ಸರಿಸಿ ಜಾಗ ಮಾಡಿದರು. ಅಜ್ಜಿಯ ಎಲೆಯನ್ನು ಅಲ್ಲಿ ಹಾಸಿದವಳು ನಾನೇ. ಅತ್ತೆ ಏನೂ ಕೇಳದೆ ಬಡಿಸಿದರು, ದೊಡ್ಡ ತುಂಡುಗಳನ್ನೇ ಹುಡುಕಿ.

ಬಾಗಿಲು ಎಳೆದುಕೊಂಡು ಎಲ್ಲರೂ ಅಂಗಳಕ್ಕೆ ಬಂದೆವು. ಮಾವ ನಮ್ಮಿಂದ ದೂರ, ಬಾವಿಕಟ್ಟೆಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತರು. ಅವರು ಕರೆಯುವುದಿಲ್ಲ ಎಂದು ಖಚಿತವಾಯಿತು. ಚಿಕ್ಕಜ್ಜಿ ಕರೆಯಲು ನೋಡಿದಳು, ದನಿ ಹೊರಡಲಿಲ್ಲ. ಅವಳು ಅಳುತ್ತಿದ್ದಳು.

ಎರಡು ಮೈದಾನದ ಆಚೆಯ ಮಕ್ಕಳನ್ನು ಸೀಟಿಯಿಲ್ಲದೆ ನಿಲ್ಲಿಸುವ ಗಂಟಲು ನನ್ನದು. ಹೊಳೆಯ ಕಡೆಗೆ ಮುಖ ಮಾಡಿ ಅಜ್ಜಿಯ ಹೆಸರು ಹಿಡಿದು ಕರೆದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ; ಕೇಳಬೇಕಾದವರೆಲ್ಲ ಅವತ್ತು ಕೇಳಿಸಿಕೊಂಡಿದ್ದಾರೆ. "ಉಲಾಯಿ ಬಲೆ," ಎಂದೆ. ಒಳಗೆ ಬನ್ನಿ. ಒಂದು ಸಲ ಸಾಕಿತ್ತು. ನಾನು ಮತ್ತೆ ಕರೆದೆ, ಇನ್ನೂ ಜೋರಾಗಿ. ಪಕ್ಕದ ಮನೆಯವರು ಬೇಲಿಗೆ ಬಂದು ನಿಂತು ನೋಡಿದರು. ಹುಬ್ಬಳ್ಳಿಯ ಓಣಿ ನೆನಪಾಯಿತು. ನಾನೂ ಅವರ ಕಡೆ ತಿರುಗಿ ನೋಡಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿ ತೆರೆದೆವು. ಹಿರಿಯರು ಉಂಡ ಎಲೆಗಳ ಮುಂದೆ ಮನೆಯವರು ಕೂತು ಉಣ್ಣಬೇಕು. ನಾನು ಅಜ್ಜಿಯ ಎಲೆಗೆ ಕೂತೆ. ಪಕ್ಕದಲ್ಲಿ, ತನ್ನ ಅಮ್ಮನ ಎಲೆಗೆ, ಚಿಕ್ಕಜ್ಜಿ. ಮಾವ ಕೊನೆಗೆ ಬಂದು ಸಾಲಿನ ಆ ತುದಿಯ ಎಲೆಗೆ ಕೂತರು. ನನ್ನ ಕಡೆ ನೋಡಲಿಲ್ಲ. ಎದ್ದು ಹೋಗಲೂ ಇಲ್ಲ.

ಒಂದು ತುತ್ತು ಬಾಯಿಗಿಟ್ಟೆ. ಕಾರ್ಣವರಿಗೆ ಇಡುವ ಅಡುಗೆಯ ರುಚಿ ಮೊದಲೇ ನೋಡುವಂತಿಲ್ಲವಾದ್ದರಿಂದ ಅತ್ತೆಯ ಅಂದಾಜು ತಪ್ಪಿತ್ತು.

"ಉಪ್ಪು ಕಡಿಮಿ ಆಗೇತಿ," ಎಂದೆ.

ಅತ್ತೆ ಗಾಬರಿಯಿಂದ ಏಳಲು ಹೋದರು. "ನೀನು ಕೂತ್ಕೋ," ಎಂದರು ಮಾವ ಅವರಿಗೆ. ಬಳಿಕ, ತಲೆ ಎತ್ತದೆ, ಅನ್ನ ಕಲಸುತ್ತ, ನನಗೆ ಹೇಳಿದರು: "ಉಪ್ಪು ಒಳಗೆ ಉಂಟು."

ಅದು ಮೂದಲಿಕೆಯೋ ಒಪ್ಪಿಗೆಯೋ ನನಗೆ ಇಂದಿಗೂ ಗೊತ್ತಿಲ್ಲ. ನೆಂಟರಾದರೆ ಉಪ್ಪನ್ನು ಎಲೆಯ ಹತ್ತಿರ ತಂದು ಬಡಿಸುತ್ತಾರೆ; ಮನೆಯವರಾದರೆ ತಾವೇ ಎದ್ದು ಹೋಗಿ ತರುತ್ತಾರೆ. ನಾನು ಎಂಜಲು ಕೈಯನ್ನು ಎದೆಗೆ ಹಿಡಿದುಕೊಂಡು ಎದ್ದು ಅಡುಗೆಮನೆಗೆ ಹೋದೆ. ಒಲೆಯಿರಲಿಲ್ಲ, ಗ್ಯಾಸ್ ಇತ್ತು. ಎಡಕ್ಕೆ ನೋಡಿದೆ. ಹಲಗೆಯೂ ಇರಲಿಲ್ಲ, ಮರಿಗೆಯೂ ಇರಲಿಲ್ಲ. ಕಪ್ಪು ಗ್ರಾನೈಟಿನ ಮೇಲೆ, ಮಿಕ್ಸಿಯ ಹಿಂದೆ, ಕೆಂಪು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿತ್ತು ಉಪ್ಪು. ಎಡಗೈಯಿಂದ ಮುಚ್ಚಳ ತೆರೆದೆ. ಯಾರನ್ನೂ ಕೇಳದೆ ತೆಗೆದುಕೊಂಡೆ.